ಸರ್ಚ್ ಕೊಟ್ಟರೆ ಸೊನ್ನೆ: ಸಂಪಾದಕರ ಉತ್ತರ

ಓದುಗರ ಪತ್ರ: “ಹೊಸ ಟಿವಿ ತಂದೆವು. ಡಬ್ಬದ ಮೇಲೆ ‘ಡಿಜಿಟಲ್ ಟ್ಯೂನರ್, ಡಿವಿಬಿ-ಟಿ2’ ಎಂದಿದೆ. ಮಾಳಿಗೆ ಮೇಲಿನ ಹಳೇ ಏರಿಯಲ್ಲಿನ ವೈರು ಜೋಡಿಸಿ ಸರ್ಚ್ ಕೊಟ್ಟರೆ ನೂರರವರೆಗೆ ಓಡಿ, ಸಿಕ್ಕಿದ್ದು ಸೊನ್ನೆ ಚಾನೆಲ್ ಅನ್ನುತ್ತದೆ. ಅಂಗಡಿಯವರು ಏರಿಯಲ್ ಹಾಳಾಗಿದೆ ಎಂದರು. ಮಗ ಅದನ್ನು ಗುಜರಿಗೆ ಹಾಕೋಣ ಅನ್ನುತ್ತಾನೆ. ತಪ್ಪು ಯಾರದು? ಡಿಶ್ ಇರುವಾಗ ಏರಿಯಲ್ ಇನ್ನೇಕೆ?”
– ನಿವೃತ್ತ ಶಿಕ್ಷಕರು, ಯಲಬುರ್ಗಾ ತಾಲ್ಲೂಕು

ಮಾಸ್ತರರೇ, ತಪ್ಪು ಟಿವಿಯದಲ್ಲ, ಏರಿಯಲ್ಲಿನದೂ ಅಲ್ಲ. ನಮ್ಮ ಕಡೆ ಗಾಳಿಯಲ್ಲಿ ಹಿಡಿಯಲಿಕ್ಕೆ ಏನೂ ಉಳಿದಿಲ್ಲ. ಪಾಪ, ಟಿವಿ ಸುಳ್ಳು ಹೇಳದೆ ಸೊನ್ನೆ ತೋರಿಸಿದೆ.

ದೂರದರ್ಶನ 2016ರ ಫೆಬ್ರುವರಿಯಲ್ಲಿ 16 ನಗರಗಳಲ್ಲಿ ಡಿವಿಬಿ-ಟಿ2, ಅಂದರೆ ನೆಲದ ಟವರಿನಿಂದ ಏರಿಯಲ್ಲಿಗೆ ಬರುವ ಡಿಜಿಟಲ್ ಪ್ರಸಾರ, ಶುರು ಮಾಡಿತು. ಆ ಪಟ್ಟಿಯಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ಬೆಂಗಳೂರೊಂದೇ. ಅಲ್ಲಿಂದ ಯಲಬುರ್ಗಾ ಮುನ್ನೂರು ಕಿಲೋಮೀಟರಿಗೂ ಆಚೆ. ಇನ್ನು ಹಳೇ ಅನಲಾಗ್ ಟ್ರಾನ್ಸ್‌ಮಿಟರುಗಳು. ಗಡಿ ಮುಂತಾದ ಸುಮಾರು 50 ಕಡೆ ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ ಒಳಗೆ ಮುಚ್ಚುವುದೆಂದು ತೀರ್ಮಾನವಾಯಿತು. ಹಳೇದು ಹೋಯಿತು, ಹೊಸದು ಬರಲೇ ಇಲ್ಲ. ಮದುವೆಗೆ ಕರೆದು ಊಟಕ್ಕೆ ಎಲೆ ಹಾಕದೆ ಕಳಿಸಿದಂತಾಯಿತು.

ನಿಮ್ಮ ಮೊದಲ ಪ್ರಶ್ನೆಗೆ ಇಷ್ಟು ಸಾಕು. ಎರಡನೆಯದಕ್ಕೆ ಸ್ವಲ್ಪ ಬೈಗುಳವಿದೆ.

‘ಏರಿಯಲ್ ಇನ್ನೇಕೆ’ ಎಂದು ನೀವು ಕೇಳಬಾರದಿತ್ತು. ಡಿಶ್ಶಿನ ಅನುಕೂಲ ನಾನೂ ಬಲ್ಲೆ. ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆಯಿಲ್ಲ, ಚಾನೆಲ್ ಹೆಚ್ಚು, ಗುಡ್ಡದ ಮರೆಯ ಊರಿಗೂ ತಲುಪುತ್ತದೆ. ಒಪ್ಪಿದೆ. ಆದರೆ ಜೋರು ಮಳೆ ಹೊಡೆದಾಗ ‘ನೋ ಸಿಗ್ನಲ್’ ಎಂಬ ನೀಲಿ ಪರದೆ ನೋಡುತ್ತ ಕೂತವರು ನೀವೂ ಇರಬೇಕಲ್ಲ? ಉಪಗ್ರಹದಿಂದ ಡಿಶ್ಶಿಗೆ ಬರುವ ಕೆಯು ಬ್ಯಾಂಡಿನ ಅಲೆಯನ್ನು ದಪ್ಪ ಮಳೆ ನುಂಗುತ್ತದೆ. ಏರಿಯಲ್ಲಿನ ಅಲೆಗೆ ಮಳೆಯ ಅಂಜಿಕೆ ಇರಲಿಲ್ಲ. ಅದಕ್ಕೆ ಅಂಜಿಕೆ ಇದ್ದದ್ದು ಗಾಳಿಗೆ, ಮಂಗಗಳಿಗೆ.

ನಾನು ಗಂಗಾವತಿ ಕಡೆಯವ. ಸುತ್ತ ಬಂಡೆಗುಡ್ಡ, ಸಿಗ್ನಲ್ ಬಂದರೆ ಪುಣ್ಯ. ಕ್ರಿಕೆಟ್ ಇದ್ದ ದಿನ ನನ್ನ ಜಾಗ ಮಾಳಿಗೆ ಮೇಲೆ, ಬಿದಿರು ಗಳ ತಬ್ಬಿಕೊಂಡು. ಕೆಳಗಿನಿಂದ ಚಿಕ್ಕಪ್ಪ “ಇನ್ನಾ ಸ್ವಲ್ಪ ಹೊಳ್ಳಸು... ಹಾಂ, ಬಂತು, ಬಿಡಬ್ಯಾಡ!” ಅನ್ನುತ್ತಿದ್ದ. ಬಿಟ್ಟರೆ ಪರದೆ ತುಂಬ ಇರುವೆ ಮುತ್ತಿದಂತೆ ಚುಕ್ಕಿ. ಹಾಗಾಗಿ ವಿಕೆಟ್ ಬಿದ್ದದ್ದು ನನಗೆ ಕೂಗಿನಿಂದಲೇ ಗೊತ್ತಾಗುತ್ತಿತ್ತು. ಆದರೂ ಇರುವೆಯ ನಡುವೆ ಆಟಗಾರ ಕಾಣುತ್ತಿದ್ದ. ಡಿಜಿಟಲ್‌ನಲ್ಲಿ ಆ ಅರೆಬರೆ ಇಲ್ಲ. ಒಂದು ಮಿತಿಯವರೆಗೆ ಚೊಕ್ಕ ಚಿತ್ರ, ಅದು ದಾಟಿದರೆ ಚೌಕ ಚೌಕವಾಗಿ ಒಡೆದು ಖಾಲಿ.

ಅಂಗಡಿಯವರು ‘ಡಿಜಿಟಲ್ ಏರಿಯಲ್’ ಕೊಳ್ಳಿ ಅಂದಾರು, ನಂಬಬೇಡಿ. ಅಲ್ಯುಮಿನಿಯಂ ಕಡ್ಡಿಗೆ ಅನಲಾಗೂ ಗೊತ್ತಿಲ್ಲ, ಡಿಜಿಟಲ್ಲೂ ಗೊತ್ತಿಲ್ಲ. ಗೊತ್ತಿರುವುದು ಉದ್ದ ಮಾತ್ರ, ಮೆಗಾಹರ್ಟ್ಸ್ ಏರಿದಂತೆ ಕಡ್ಡಿ ಗಿಡ್ಡ. ವಿಎಚ್‌ಎಫ್ 5ನೇ ಚಾನೆಲ್, ಅಂದರೆ 174ರಿಂದ 181 ಮೆಗಾಹರ್ಟ್ಸ್, ಹಿಡಿಯುವ ಕಡ್ಡಿ ಹತ್ತಿರ ಹತ್ತಿರ 84 ಸೆಂಟಿಮೀಟರ್. 550ರ ಆಸುಪಾಸಿನ ಯುಎಚ್‌ಎಫ್‌ಗೆ ಒಂದು ಗೇಣಿಗಿಂತ ತುಸು ಹೆಚ್ಚು. ಆ ಮೀನಿನ ಮುಳ್ಳಿನ ಆಕಾರ ಜಪಾನಿನ ಯಾಗಿ, ಉಡಾ ಅವರದು, 1926ರದು. ದುಡಿದವರು ಹೆಚ್ಚಾಗಿ ಉಡಾ, ಹೆಸರು ಉಳಿದದ್ದು ಯಾಗಿಯದು. ಈ ಕಥೆ ನಮ್ಮ ಪತ್ರಿಕಾ ಕಚೇರಿಗಳಿಗೂ ಹೊಸದಲ್ಲ.

ಬ್ರಿಟನ್ನಿನಲ್ಲಿ 2012ರಲ್ಲಿ ಅನಲಾಗ್ ಮುಗಿಯಿತು. ಆದರೆ ಡಿಜಿಟಲ್ ಪ್ರಸಾರ ಏರಿಯಲ್ಲಿಗೇ ಬಂತು. ಮುಂದೆ 700 ಮೆಗಾಹರ್ಟ್ಸನ್ನು ಮೊಬೈಲಿಗೆ ಬಿಟ್ಟುಕೊಡುವಾಗ ಚಾನೆಲ್ಲುಗಳು ಬೇರೆ ತರಂಗಾಂತರಕ್ಕೆ ಸರಿದವು, ಜನ ಮತ್ತೊಮ್ಮೆ ಸರ್ಚ್ ಕೊಟ್ಟರು, ಬಂತು. ಇಲ್ಲಿಯೂ 2022ರಲ್ಲಿ 700 ಮೆಗಾಹರ್ಟ್ಸ್ ಮೊಬೈಲಿಗೆ ಹರಾಜಾಯಿತು. ನಾವೂ ಸರ್ಚ್ ಕೊಟ್ಟೆವು.

ನನ್ನ ಹೊಟ್ಟೆ ಉರಿಯುವುದು ಇನ್ನೊಂದಕ್ಕೆ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ದೇಶದ 2400 ಹಳ್ಳಿಗಳಿಗೆ ನೇರ ಟಿವಿ ತೋರಿಸಿದ ‘ಸೈಟ್’ ಪ್ರಯೋಗ ನಡೆಯಿತಲ್ಲ, ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳನ್ನು. ಕೊಪ್ಪಳ ಆಗ ರಾಯಚೂರು ಜಿಲ್ಲೆಯೊಳಗೇ ಇತ್ತು. ಕೋಳಿ ಗೂಡಿನ ಜಾಳಿಗೆ ಬಿಗಿದ ಹತ್ತಡಿಯ ಡಿಶ್ಶು, ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಒಕ್ಕಲುತನದ ಮಾತು. ರಾಜಧಾನಿ ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ನಮ್ಮ ಹಿರಿಯರು ಚಾವಡಿಯ ಕಟ್ಟೆ ಮೇಲೆ ಕೂತು ಟಿವಿ ನೋಡಿದ್ದರು. ಪ್ರಯೋಗಕ್ಕೆ ಹಿಂದುಳಿದ ಜಿಲ್ಲೆ ಬೇಕು, ಫಲ ಹಂಚುವಾಗ ಮುಂದುವರಿದ ನಗರ. ರೈಲಿನಲ್ಲಿ, ನೀರಿನಲ್ಲಿ, ಆಸ್ಪತ್ರೆಯಲ್ಲಿ ನಮ್ಮ ಅನುಭವ ಇದೇ ಅಲ್ಲವೇ? ಫ್ರೀ ಡಿಶ್ ಹಚ್ಚಿ ನೋಡಿ, ಹಿಂದಿಯ ಜಾತ್ರೆಯಲ್ಲಿ ಚಂದನ ಕೈತಪ್ಪಿದ ಕೂಸಿನಂತೆ ನಿಂತಿರುತ್ತದೆ.

ಹಾಗೆಂದು ಹಳೇ ಟ್ರಾನ್ಸ್‌ಮಿಟರನ್ನು ದೇವರು ಮಾಡುವುದಿಲ್ಲ. ಅದೂ ಬೆಂಗಳೂರು, ದಿಲ್ಲಿಯದನ್ನೇ ದಾಟಿಸುತ್ತಿತ್ತು, ಕೊಪ್ಪಳದ ಸುದ್ದಿ ಹೇಳಲಿಲ್ಲ. ಆದರೆ 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ನನ್ನ ಮೊಬೈಲಿಗೆ ಬಂದ ವಾಟ್ಸ್ಆ್ಯಪ್ ಗಾಳಿಸುದ್ದಿಗಳನ್ನು ನೆನೆದರೆ, ಜಿಲ್ಲೆಗೊಂದು ನಂಬುವಂಥ ಟವರ್ ಇರಬೇಕಿತ್ತು ಅನ್ನಿಸುತ್ತದೆ. ಈಗ ಇಂಟರ್ನೆಟ್ಟಿಲ್ಲದೆ ಮೊಬೈಲಿಗೇ ಟಿವಿ ಕಳಿಸುವ ‘ಡೈರೆಕ್ಟ್ ಟು ಮೊಬೈಲ್’ ಮಾತು ನಡೆದಿದೆ. ಅದಕ್ಕೂ ನೆಲದ ಮೇಲಿನ ಟವರೇ ಬೇಕು, ನೋಡಿ ತಮಾಷೆ.

ಸದ್ಯಕ್ಕೆ ಫ್ರೀ ಡಿಶ್ಶನ್ನು ಆಗ್ನೇಯಕ್ಕೆ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15 ಉಪಗ್ರಹದ ಕಡೆ ತಿರುಗಿಸಿಕೊಳ್ಳಿ. ಏರಿಯಲ್ಲನ್ನು ಮಾತ್ರ ಇಳಿಸಬೇಡಿ. ಗುಜರಿಯವರು ಕೊಡುವ ರೊಕ್ಕವನ್ನು ನಾನೇ ಕಳಿಸುತ್ತೇನೆಂದು ನಿಮ್ಮ ಮಗನಿಗೆ ಹೇಳಿ.

– ಸಂಪಾದಕ