ಕಥೆಯನ್ನು ಮುಂದಕ್ಕೆ ಒಯ್ಯದ ಹಾಡಿಗೆ ನಾಟಕದಲ್ಲೇನು ಕೆಲಸ?

‘ಕಿಸ್ ಮಿ, ಕೇಟ್’ ನೋಡಿದ ನೀವು, ಅದರ ಕೊನೆಯ ಭಾಗದಲ್ಲಿ ಇಬ್ಬರು ರೌಡಿಗಳು ಪರದೆಯ ಮುಂದೆ ನಿಂತು ಹಾಡುವ ಹಾಡಿನಿಂದ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ, ಇಂಥ ಹಾಡುಗಳನ್ನು ಕಿತ್ತುಹಾಕಿದರೆ ಸಂಗೀತ ನಾಟಕಗಳು ಇನ್ನಷ್ಟು ಬಿಗಿಯಾಗುವುದಿಲ್ಲವೇ ಎಂದು ಕೇಳಿದ್ದೀರಿ. ಕಥೆ ಮುಂದೆ ಹೋಗುವುದಿಲ್ಲ ಎಂಬ ನಿಮ್ಮ ಮಾತು ಸರಿ. ಆದರೆ ಆ ಹಾಡನ್ನು ತೆಗೆದರೆ ನಾಟಕ ಬಿಗಿಯಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಏಕೆ ಒಪ್ಪುವುದಿಲ್ಲ ಎಂಬುದನ್ನು ಅದೇ ಹಾಡಿನಿಂದ ಆರಂಭಿಸಿ ಹೇಳುತ್ತೇನೆ.

ಶೇಕ್ಸ್‌ಪಿಯರನ ನಾಟಕವೊಂದನ್ನು ಆಡುತ್ತಿರುವ ತಂಡದ ಕಥೆಯುಳ್ಳ, ಕೋಲ್ ಪೋರ್ಟರ್ ಗೀತೆ ಮತ್ತು ಸಂಗೀತ ರಚಿಸಿದ ಈ ನಾಟಕ 1948ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇರಿಯಾದ ಬ್ರಾಡ್ವೇಯಲ್ಲಿ ಮೊದಲು ಪ್ರದರ್ಶನಗೊಂಡಿತು. ಜೂಜಿನ ಸಾಲ ವಸೂಲಿಗೆಂದು ರಂಗಮಂದಿರಕ್ಕೆ ಬಂದ ಆ ಇಬ್ಬರು ರೌಡಿಗಳಿಗೆ ಸಾಲವೇ ರದ್ದಾಯಿತೆಂಬ ಸುದ್ದಿ ತಿಳಿಯುತ್ತದೆ. ಹೊರಡುವ ಗಡಿಬಿಡಿಯಲ್ಲಿ ದಾರಿ ತಪ್ಪಿ ಪರದೆಯ ಮುಂದಕ್ಕೆ ಬಂದುಬಿಟ್ಟವರು, ಹೆಣ್ಣಿನ ಮನಸ್ಸನ್ನು ಗೆಲ್ಲಬೇಕಾದರೆ ಶೇಕ್ಸ್‌ಪಿಯರನನ್ನು ಓದಿಕೊಳ್ಳಿ ಎಂಬ ಉಪದೇಶವನ್ನು ಕೀಟಲೆಯ ಪ್ರಾಸಗಳಲ್ಲಿ ಹಾಡುತ್ತಾರೆ. ಪರದೆಯ ಮುಂದಿನ ಇಂಥ ಹಾಡಿಗೆ ಒಂದು ತಾಂತ್ರಿಕ ಉಪಯೋಗವಿದೆ ಎಂಬುದನ್ನು ಕಂಪನಿ ನಾಟಕ ಕಂಡ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ನಮ್ಮಲ್ಲೂ ರಸ್ತೆಯ ಪರದೆ ಇಳಿಬಿಟ್ಟು ಅದರ ಮುಂದೆ ಹಾಸ್ಯಗಾರರು ಮಾತಿಗೂ ಹಾಡಿಗೂ ತೊಡಗಿದರೆಂದರೆ, ಹಿಂದೆ ದರ್ಬಾರಿನ ಸಜ್ಜಿಕೆ ಸಿದ್ಧವಾಗುತ್ತಿದೆ ಎಂದೇ ಅರ್ಥವಾಗಿತ್ತು.

ಆದರೆ ಆ ಹಾಡು ಅಷ್ಟಕ್ಕೇ ಅಲ್ಲಿಲ್ಲ. ಅದರ ಹಿಂದಿನ ದೃಶ್ಯದಲ್ಲಿ ನಾಯಕಿ ಲಿಲಿ ತನ್ನ ಮಾಜಿ ಗಂಡನನ್ನೂ ಅರ್ಧಕ್ಕೆ ನಿಂತ ಪ್ರದರ್ಶನವನ್ನೂ ಬಿಟ್ಟು ಹೊರಟುಹೋಗಿದ್ದಾಳೆ. ಅದರ ಮುಂದಿನ ದೃಶ್ಯದಲ್ಲಿ ಅವಳು ಮರಳಿ ಬರುತ್ತಾಳೆ. ನಡುವಿನ ಹಾಡನ್ನು ತೆಗೆದು ನೋಡಿ: ಅವಳು ಬಾಗಿಲು ದಾಟಿದ ಮರುಗಳಿಗೆಯಲ್ಲೇ ಹಿಂದಿರುಗಿದಂತಾಗಿ, ಆ ಹೋಗುವಿಕೆಗೂ ತೂಕವಿಲ್ಲ, ಬರುವಿಕೆಗೂ ತೂಕವಿಲ್ಲ ಎನ್ನುವಂತಾಗುತ್ತದೆ. ರೌಡಿಗಳ ಹಾಡಿಗೆ ನಾವು ನಗುತ್ತಿರುವಾಗಲೇ ಅವಳ ಗೈರುಹಾಜರಿ ನಮ್ಮೊಳಗೆ ನಿಜವಾಗುತ್ತದೆ. ಕಾಲ ಕಳೆಯಿತು ಎಂದು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ಪ್ರತಿ ಹಾಡೂ ಕಥೆಯನ್ನು ಮುಂದಕ್ಕೆ ಒಯ್ಯಬೇಕು ಎಂಬ ನಿಯಮವನ್ನು ಸಾಮಾನ್ಯವಾಗಿ ಸಂಗೀತಗಾರ ರಿಚರ್ಡ್ ರಾಜರ್ಸ್ ಮತ್ತು ಗೀತರಚನಕಾರ ಆಸ್ಕರ್ ಹ್ಯಾಮರ್‌ಸ್ಟೈನ್ ಜೋಡಿಯ ಹೆಸರಿಗೆ, ಅದರಲ್ಲೂ 1943ರ ‘ಓಕ್ಲಹೋಮ!’ ನಾಟಕಕ್ಕೆ ಜೋಡಿಸಲಾಗುತ್ತದೆ. ಅದಕ್ಕೆ ಮೊದಲಿನ ಎಷ್ಟೋ ನಾಟಕಗಳಲ್ಲಿ ಒಬ್ಬರ ಹಾಡನ್ನು ಇನ್ನೊಬ್ಬರ ನಾಟಕಕ್ಕೆ ತುರುಕುವುದು ವಾಡಿಕೆಯಾಗಿದ್ದುದರಿಂದ, ಹಾಡು ಪಾತ್ರದ ಬಾಯಿಂದಲೇ ಹುಟ್ಟಬೇಕೆಂಬ ಅವರ ಹಟಕ್ಕೆ ನಿಜಕ್ಕೂ ದೊಡ್ಡ ಬೆಲೆಯಿದೆ. ಹಾಗಿದ್ದೂ ಆ ನಾಟಕದ ಶೀರ್ಷಿಕೆ ಗೀತೆಯನ್ನೇ ಗಮನಿಸಿ. ಊರೂರಿನ ಪ್ರಾಯೋಗಿಕ ಪ್ರದರ್ಶನಗಳ ಹಂತದಲ್ಲಿ ನಾಟಕದ ಹೆಸರು ‘ಅವೇ ವೀ ಗೋ!’ ಎಂದಿತ್ತು. ನಾಯಕನೊಬ್ಬನೇ ಹಾಡುತ್ತಿದ್ದ ಹಾಡೊಂದನ್ನು ಬಾಸ್ಟನ್ನಿನಲ್ಲಿ ಇಡೀ ಮೇಳದ ಹಾಡಾಗಿ ಮಾರ್ಪಡಿಸಲಾಯಿತು. ನ್ಯೂಯಾರ್ಕಿಗೆ ಬರುವ ಹೊತ್ತಿಗೆ ನಾಟಕಕ್ಕೂ ಅದೇ ಹಾಡಿನ ಹೆಸರಾಯಿತು. ಆ ಹಾಡಿನಲ್ಲಿ ನಡೆಯುವುದಾದರೂ ಏನು? ಮದುವೆ ಆಗಲೇ ಮುಗಿದಿದೆ, ಊರವರು ಸೇರಿ ತಮ್ಮ ನೆಲವನ್ನೂ ಗಾಳಿಯನ್ನೂ ಕೊಂಡಾಡುತ್ತಾರೆ, ಅಷ್ಟೆ. ಅದು ಮುಗಿದ ಮೇಲೆ ನಾಯಕಿಯನ್ನು ಬಯಸಿ ಸೋತ ಜಡ್ ಚೂರಿ ಹಿಡಿದು ಬರುತ್ತಾನೆ, ಹೊಡೆದಾಟದಲ್ಲಿ ಸಾಯುತ್ತಾನೆ. ಕೆಡಿಸಲು ಒಂದು ಸಂತೋಷ ಮೊದಲು ತುಂಬಿ ನಿಲ್ಲಬೇಕಿತ್ತು, ಹಾಡು ಆ ಕೆಲಸವನ್ನು ಮಾಡುತ್ತದೆ. 1953ರಲ್ಲಿ ಅದು ಓಕ್ಲಹೋಮ ರಾಜ್ಯದ ಅಧಿಕೃತ ಗೀತೆಯೂ ಆಯಿತು.

ಹ್ಯಾಮರ್‌ಸ್ಟೈನರ ಕೈಯಲ್ಲೇ ಪಳಗಿದ, ಗೀತೆ ಸಂಗೀತ ಎರಡನ್ನೂ ರಚಿಸುತ್ತಿದ್ದ ಸ್ಟೀಫನ್ ಸಾಂಡ್‌ಹೈಮ್ ಈ ನಿಯಮದ ಗಡಿಯನ್ನು ಕಂಡುಕೊಂಡದ್ದು 1962ರ ‘ಎ ಫನ್ನಿ ಥಿಂಗ್ ಹ್ಯಾಪನ್ಡ್ ಆನ್ ದ ವೇ ಟು ದ ಫೋರಮ್’ ನಾಟಕದಲ್ಲಿ. ರೋಮಿನ ಪ್ರಾಚೀನ ನಾಟಕಕಾರ ಪ್ಲಾಟಸ್‌ನ ಪ್ರಹಸನಗಳನ್ನು ಆಧರಿಸಿದ ಆ ನಾಟಕದಲ್ಲಿ ಬಾಗಿಲುಗಳು ತೆರೆದು ಮುಚ್ಚುವ ವೇಗದಲ್ಲಿ ಕಥೆ ಓಡುತ್ತದೆ. ಮಾತೇ ಅಷ್ಟು ವೇಗವಾಗಿ ಕಥೆಯನ್ನು ಎಳೆದೊಯ್ಯುತ್ತಿರುವಾಗ ಹಾಡೂ ಅದನ್ನೇ ಮಾಡಹೊರಟರೆ ನೋಡುವವರಿಗೆ ಉಸಿರಾಡಲು ಎಡೆಯಿರುವುದಿಲ್ಲ. ಆದ್ದರಿಂದ ಅಲ್ಲಿನ ಹಾಡುಗಳು ಓಟದ ನಡುವಿನ ತಂಗುದಾಣಗಳು ಎಂದು ಸಾಂಡ್‌ಹೈಮ್ ಅವರೇ ಮುಂದೆ ವಿವರಿಸಿದ್ದಾರೆ, ಈ ತಿಳಿವಳಿಕೆಗಾಗಿ ನಾಟಕದ ಬರಹಗಾರರಲ್ಲೊಬ್ಬರಾದ ಬರ್ಟ್ ಶೆವಲವ್ ಅವರನ್ನು ನೆನೆದಿದ್ದಾರೆ. ಮನೆಗೆಲಸಕ್ಕೆ ಒಬ್ಬಳಿದ್ದರೆ ಎಷ್ಟು ಚೆನ್ನ ಎಂದು ಇಬ್ಬರು ಗಂಡಸರು ಆರಂಭಿಸುವ ಹಾಡೊಂದು ಅದರಲ್ಲಿದೆ. ಮುಗಿಯಿತು ಎನ್ನುವಷ್ಟರಲ್ಲಿ ಮೂರನೆಯವನು ಬಂದು ಸೇರುತ್ತಾನೆ, ಮತ್ತೆ ಮುಗಿಯಿತು ಎನ್ನುವಷ್ಟರಲ್ಲಿ ನಾಲ್ಕನೆಯವನು. ನಮ್ಮ ಹಳೆಯ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಪ್ರೇಕ್ಷಕರಿಂದ ಬರುತ್ತಿತ್ತು. ಇಲ್ಲಿ ಅದನ್ನು ಹಾಡಿನೊಳಗೇ ಕಟ್ಟಿ ಇಟ್ಟಿದ್ದಾರೆ.

ಅದೇ ನಾಟಕದ ಇನ್ನೊಂದು ಸಂಗತಿ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು. ನ್ಯೂಯಾರ್ಕಿಗೆ ಬರುವ ಮೊದಲು ವಾಷಿಂಗ್ಟನ್ನಿನಲ್ಲಿ ಪ್ರದರ್ಶನವಾದಾಗ ಜನ ನಗಲಿಲ್ಲ. ಸಲಹೆಗೆಂದು ಕರೆಸಿಕೊಂಡ ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್, ದೋಷವಿರುವುದು ಆರಂಭದ ಹಾಡಿನಲ್ಲಿ ಎಂದು ಗುರುತಿಸಿದರು. ಪ್ರೀತಿಯ ಬಗೆಗಿನ ಆ ನವಿರಾದ ಹಾಡನ್ನು ಕೇಳಿದವರು ನವಿರಾದ ನಾಟಕವನ್ನೇ ನಿರೀಕ್ಷಿಸಿ ಕುಳಿತಿದ್ದರು, ಎದುರಿಗೆ ಬರುತ್ತಿದ್ದುದು ಮಾತ್ರ ಒರಟು ಪ್ರಹಸನ. ಆಗ ಸಾಂಡ್‌ಹೈಮ್ ‘ಕಾಮೆಡಿ ಟುನೈಟ್’ ಎಂಬ ಹೊಸ ಹಾಡನ್ನು ಬರೆದುಕೊಟ್ಟರು. ಅದರಲ್ಲಿ ಕಥೆಯ ಎಳೆಯೇ ಇಲ್ಲ. ಇಂದು ರಾತ್ರಿ ಇಲ್ಲಿ ಹಾಸ್ಯ, ಗಂಭೀರವಾದದ್ದೆಲ್ಲ ನಾಳೆಗೆ ಎಂಬ ಒಂದೇ ಮಾತನ್ನು ಅದು ಬಗೆಬಗೆಯಾಗಿ ಹೇಳುತ್ತದೆ. ಸೋಲುತ್ತಿದ್ದ ನಾಟಕ ಬ್ರಾಡ್ವೇಯಲ್ಲಿ 964 ಪ್ರದರ್ಶನಗಳನ್ನು ಕಂಡಿತು. ನಾಟಕ ಶುರುವಾದ ಮೊದಲ ನಿಮಿಷಗಳಲ್ಲಿ ಪ್ರೇಕ್ಷಕರಿಗೆ ಕಥೆಗಿಂತ ಮೊದಲು ಬೇಕಾಗಿರುವುದು ಇದನ್ನು ಹೇಗೆ ನೋಡಬೇಕು ಎಂಬ ಸೂಚನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ನಾನು ಇದನ್ನು ಅನುಭವದಿಂದಲೂ ಕಲಿತಿದ್ದೇನೆ. ಒಂದು ಹವ್ಯಾಸಿ ತಂಡಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದ ಕಾಲದಲ್ಲಿ, ನಾಟಕ ಉದ್ದವಾಯಿತೆಂದು ಎರಡನೆಯ ಅಂಕದಲ್ಲಿ ಸೇವಕರು ಹಾಡುತ್ತಿದ್ದ ಹಾಡೊಂದನ್ನು ಕೈಬಿಟ್ಟೆವು. ಗಡಿಯಾರದ ಲೆಕ್ಕದಲ್ಲಿ ಆರು ನಿಮಿಷ ಉಳಿಯಿತು. ಆದರೆ ಹಾಡು ಹೋದದ್ದರಿಂದ ಸಾವಿನ ದೃಶ್ಯ ಮತ್ತು ಜಗಳದ ದೃಶ್ಯ ಒಂದಕ್ಕೊಂದು ಅಂಟಿಕೊಂಡವು, ಎರಡನೆಯದು ನಡೆಯುವಾಗ ಸಭೆಯಲ್ಲಿ ಕೆಮ್ಮು, ಕುರ್ಚಿಗಳ ಸದ್ದು ಕೇಳತೊಡಗಿತು. ಹಿಂದಿನ ಪ್ರದರ್ಶನವನ್ನೂ ನೋಡಿದ್ದ ಒಬ್ಬರು ಈ ಸಲ ನಾಟಕ ತುಂಬ ಎಳೆಯಿತು ಎಂದರು. ಮುಂದಿನ ಪ್ರದರ್ಶನಕ್ಕೆ ಹಾಡನ್ನು ಮತ್ತೆ ಸೇರಿಸಿದೆವು.

ಇಷ್ಟು ಹೇಳಿದ ಮಾತ್ರಕ್ಕೆ ಕಿತ್ತುಹಾಕಲೇಬೇಕಾದ ಹಾಡುಗಳು ಇಲ್ಲವೆಂದಲ್ಲ. ಈಗಷ್ಟೇ ಮಾತಿನಲ್ಲಿ ಹೇಳಿಯಾದುದನ್ನು ರಾಗದಲ್ಲಿ ಮತ್ತೆ ಹೇಳುವ ಹಾಡು, ನಟನ ಖ್ಯಾತಿಗೆ ಸಲ್ಲಬೇಕೆಂದು ಕೊಟ್ಟ ಹಾಡು, ಹಿಂದಿನ ಹಾಡಿನ ಲಯದಲ್ಲೇ ಸಾಗುವ ಹಾಡು, ಇವು ನಿಜಕ್ಕೂ ಭಾರ. ವಿಚಿತ್ರವೆಂದರೆ ಇವುಗಳಲ್ಲಿ ಎಷ್ಟೋ ಹಾಡುಗಳು ಕಥೆಗೆ ಬಿಗಿಯಾಗಿ ಅಂಟಿಕೊಂಡಂಥವೇ ಆಗಿರುತ್ತವೆ. ಹಾಗಾಗಿ ಕಥೆ ಮುಂದೆ ಹೋಯಿತೇ ಎಂದು ಕೇಳುವುದರ ಜೊತೆಗೆ, ಹಾಡು ಆರಂಭವಾದಾಗ ಇದ್ದ ನನ್ನ ಸ್ಥಿತಿಯೇ ಮುಗಿದಾಗಲೂ ಇದೆಯೇ ಎಂದು ಕೇಳಿಕೊಳ್ಳಿ.

ಹೀಗೆ ಕೇಳಿಕೊಳ್ಳುವುದನ್ನು ನನಗೆ ಕಲಿಸಿದ್ದು 1927ರ ‘ಶೋ ಬೋಟ್’ ನಾಟಕದ ‘ಬಿಲ್’ ಎಂಬ ಹಾಡು. ಸಂಗೀತ ಜೆರೋಮ್ ಕರ್ನ್ ಅವರದು; ಸಾಹಿತ್ಯ, ನಮ್ಮಲ್ಲಿ ಹಾಸ್ಯ ಕಾದಂಬರಿಗಳಿಂದಷ್ಟೇ ಪರಿಚಿತರಾದ ಪಿ.ಜಿ. ವುಡ್‌ಹೌಸ್ ಅವರದು. 1918ರ ಬೇರೊಂದು ನಾಟಕಕ್ಕೆಂದು ಬರೆದು, ಅಲ್ಲಿ ಸಲ್ಲದೆ ಕೈಬಿಟ್ಟಿದ್ದ ಈ ಹಾಡನ್ನು ಹ್ಯಾಮರ್‌ಸ್ಟೈನ್ ಅಲ್ಪಸ್ವಲ್ಪ ತಿದ್ದಿ ‘ಶೋ ಬೋಟ್’ಗೆ ಸೇರಿಸಿದರು. ಬೇರೆ ನಾಟಕದ ಹಾಡನ್ನು ತಂದು ತುರುಕುವ ಹಳೆಯ ವಾಡಿಕೆಯೇ ಇದು ಎಂದು ಯಾರಾದರೂ ಆಕ್ಷೇಪಿಸಬಹುದು. ‘ಶೋ ಬೋಟ್’ ಕಥೆಯಲ್ಲಿ ಬಿಲ್ ಎಂಬವನೇ ಇಲ್ಲ. ಶಿಕಾಗೋದ ಒಂದು ನೈಟ್‌ಕ್ಲಬ್ಬಿನಲ್ಲಿ ತಾಲೀಮು ನಡೆಯುತ್ತಿದೆ. ಗಂಡ ಬಿಟ್ಟುಹೋದ ಮೇಲೆ ಕುಡಿತಕ್ಕೆ ಬಿದ್ದಿರುವ ಗಾಯಕಿ ಜೂಲಿ, ರೂಪವಿಲ್ಲದ, ವಿಶೇಷವೇನೂ ಇಲ್ಲದ ಒಬ್ಬ ಸಾಧಾರಣ ಗಂಡಸನ್ನು ತಾನು ಏಕೆ ಪ್ರೀತಿಸುತ್ತೇನೋ ತನಗೇ ತಿಳಿಯದು ಎಂಬ ಆ ಹಗುರವಾದ ಹಾಡನ್ನು ಹಾಡುತ್ತಾಳೆ. ಮೊದಲ ಪ್ರದರ್ಶನಗಳಲ್ಲಿ ಜೂಲಿಯ ಪಾತ್ರ ವಹಿಸಿದ್ದ ಹೆಲೆನ್ ಮಾರ್ಗನ್ ಪಿಯಾನೋದ ಮೇಲೆ ಕುಳಿತು ಇದನ್ನು ಹಾಡುತ್ತಿದ್ದರು. ಜೂಲಿಯ ಗಂಡನ ಹೆಸರು ಸ್ಟೀವ್ ಎಂಬುದು ನಮಗೆ ಗೊತ್ತಿದೆ. ಹಾಡು ಮಾತ್ರ ಬಿಲ್‌ನ ಬಗ್ಗೆಯೇ ಹೇಳುತ್ತಾ ಹೋಗುತ್ತದೆ, ಮತ್ತು ಆ ತಪ್ಪು ಹೆಸರಿನ ಮರೆಯಲ್ಲಿ ಅವಳು ಅಳಲಾರದ ಅಳುವೆಲ್ಲ ಕೇಳಿಸುತ್ತದೆ. ಹಾಡು ಮುಗಿದ ಮೇಲೆ ಹಳೆಯ ಗೆಳತಿ ಮ್ಯಾಗ್ನೋಲಿಯಾ ಅದೇ ಕ್ಲಬ್ಬಿಗೆ ಕೆಲಸ ಕೇಳಿಕೊಂಡು ಬರುತ್ತಾಳೆ. ಮರೆಯಿಂದ ಅವಳನ್ನು ಕಂಡ ಜೂಲಿ, ತನ್ನ ಜಾಗ ಅವಳಿಗೆ ಸಿಗಲೆಂದು, ಅವಳಿಗೆ ಒಂದು ಮಾತನ್ನೂ ಹೇಳದೆ ಹೊರಟುಹೋಗುತ್ತಾಳೆ.