ರಾಜ್ಯ ಹೋದ ದಿನವೇ ಹುಟ್ಟುಹಬ್ಬ

ಪ್ರಶ್ನೆ: ನಮಸ್ಕಾರ ಸಾರ್. ಜರ್ಮನಿಯ ಚಕ್ರವರ್ತಿಯ ಮೊಮ್ಮಗ ಅಮೆರಿಕಕ್ಕೆ ಹೋಗಿ ಕಾರ್ ಕಾರ್ಖಾನೆಯಲ್ಲಿ ದುಡಿದ ಅಂತ ಕೇಳಿದೆ. ನಿಜವಾ? ಹೊಟ್ಟೆಪಾಡಿಗೆ ಹೋಗಿದ್ದಾ? ನಮ್ಮ ಮೈಸೂರು ಅರಸರಿಗೆ ಕೊಟ್ಟ ಹಾಗೆ ಅವರಿಗೆ ರಾಜಧನ ಕೊಡಲಿಲ್ಲವಾ?
– ಓದುಗರೊಬ್ಬರು, ಮದ್ದೂರು

ಉತ್ತರ: ದುಡಿದದ್ದು ನಿಜ. ಅವರ ಹೆಸರು ಲೂಯಿ ಫರ್ಡಿನಾಂಡ್, ಕೈಸರ್ ಎರಡನೇ ವಿಲ್ಹೆಲ್ಮ್‌ನ ಮೊಮ್ಮಗ. ಆದರೆ ಹೊಟ್ಟೆಪಾಡಿಗೆ ಹೋದವರಲ್ಲ.

ಅವರು ಹುಟ್ಟಿದ್ದು 1907ರ ನವೆಂಬರ್ 9ರಂದು, ಬರ್ಲಿನ್ ಪಕ್ಕದ ಪಾಟ್ಸ್‌ಡಾಮ್‌ನಲ್ಲಿ. 1918ರ ನವೆಂಬರ್ 9ಕ್ಕೆ ಹುಡುಗನಿಗೆ 11 ತುಂಬಿತು. ಅವತ್ತೇ ಬರ್ಲಿನ್‌ನಲ್ಲಿ, ಕೈಸರ್ ಸಿಂಹಾಸನ ಬಿಟ್ಟರು ಅಂತ ಸಾರಿದರು. ಮಾರನೇ ದಿನ ತಾತ ಗಡಿ ದಾಟಿ ಹಾಲೆಂಡ್ ಸೇರಿದರು. ಮತ್ತೆ ತಾಯ್ನಾಡಿಗೆ ಬರಲೇ ಇಲ್ಲ. ಡೋರ್ನ್ ಅನ್ನುವ ಊರಲ್ಲಿ ದಿನಾ ಸೌದೆ ಸೀಳುತ್ತಾ ಕಾಲ ಕಳೆದರು. ಅಪ್ಪನೂ ಐದು ವರ್ಷ ಹಾಲೆಂಡ್‌ನಲ್ಲೇ ಇರಬೇಕಾಯಿತು. ಹುಟ್ಟುಹಬ್ಬದ ದಿನ ಇಂಥದ್ದಾದರೆ ಆ ವಯಸ್ಸಿನ ಮಗು ಮರೆಯುತ್ತದೆಯೇ?

ಆಸ್ತಿ ಮಾತ್ರ ಪೂರ್ತಿ ಹೋಗಲಿಲ್ಲ. ರಾಜಮನೆತನಗಳ ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳಬೇಕೇ ಅಂತ 1926ರಲ್ಲಿ ಜನರನ್ನೇ ಕೇಳಿದರು. ಸುಮಾರು 1 ಕೋಟಿ 45 ಲಕ್ಷ ಜನ ಹೌದು ಅಂದರು. ಆದರೂ ಮತದಾರರಲ್ಲಿ ಅರ್ಧದಷ್ಟು ಆಗಲಿಲ್ಲ, ಬಿದ್ದುಹೋಯಿತು. ಆಮೇಲೆ ಸರ್ಕಾರಕ್ಕೂ ಮನೆತನಕ್ಕೂ ಒಪ್ಪಂದವಾಯಿತು. ಪದವಿ ಅಂತೂ 1919ರಲ್ಲೇ ರದ್ದಾಗಿತ್ತು. 'ಪ್ರಶ್ಯಾದ ರಾಜಕುಮಾರ' ಅನ್ನುವುದು ಮನೆತನದ ಹೆಸರಾಗಿ ಉಳಿಯಿತು, ಅಷ್ಟೇ. ಪ್ರಶ್ಯಾ ಅಂದರೆ ಈ ಮನೆತನ ಆಳುತ್ತಿದ್ದ ಜರ್ಮನಿಯ ರಾಜ್ಯ.

ಇದನ್ನು ಬರೆಯುವಾಗ ನನ್ನ ತಾತ ನೆನಪಾಗುತ್ತಾರೆ. ಅವರು ಇಲ್ಲಿ ಮೈಸೂರು ಅರಮನೆಯ ಊಳಿಗದಲ್ಲಿದ್ದವರು. ಮೈಸೂರು ಮನೆತನಕ್ಕೆ ಸರ್ಕಾರದಿಂದ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಬರುತ್ತಿತ್ತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ಬಂದು ಅದು ನಿಂತಿತು. ತಾತ ಏನೂ ಮಾತಾಡಲಿಲ್ಲ. ಜರಿ ಪೇಟವನ್ನು ಬಿಳಿ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಹಾಕಿ, ಟ್ರಂಕಿನ ತಳದಲ್ಲಿ ಇಟ್ಟರು. ದಸರೆಗೆ ಒಮ್ಮೆ ತೆಗೆದು, ಬಿಸಿಲಿಗೆ ಹಿಡಿದು, ಮತ್ತೆ ಒಳಗೆ ಇಡುತ್ತಿದ್ದರು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಲೂಯಿ ಫರ್ಡಿನಾಂಡ್ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ಡೆಟ್ರಾಯಿಟ್‌ನ ಫೋರ್ಡ್ ಕಾರ್ಖಾನೆಯಲ್ಲಿ ಕಾರ್ಮಿಕರ ನಡುವೆ ನಿಂತು ಕೆಲಸ ಮಾಡಿದರು. ಹೆನ್ರಿ ಫೋರ್ಡ್ ಅವರ ಸ್ನೇಹವೂ ಆಯಿತು. ನನಗೆ ಅವರ ಮೇಲೆ ಗೌರವ ಮೂಡಿದ್ದು ಇಲ್ಲೇ. ಮನೆಯಲ್ಲಿ ಕೂತು ತಿನ್ನುವಷ್ಟು ಇತ್ತು, ಆದರೂ ಕೆಲಸ ಕಲಿತರು. 1933ರಲ್ಲಿ ಅಣ್ಣ ರಾಜಮನೆತನದವಳಲ್ಲದ ಹುಡುಗಿಯನ್ನು ಮದುವೆಯಾಗಿ ಉತ್ತರಾಧಿಕಾರದ ಹಕ್ಕು ಬಿಟ್ಟುಕೊಟ್ಟರು. ಮನೆತನದ ಹೊರೆ ಇವರ ಹೆಗಲಿಗೆ ಬಿತ್ತು. ಊರಿಗೆ ಬಂದು ಲುಫ್ತಾನ್ಸಾ ವಿಮಾನ ಕಂಪನಿ ಸೇರಿದರು. 1938ರಲ್ಲಿ ಕೈಹಿಡಿದ ಕಿರಾ, ರಷ್ಯಾದ ರಾಜಮನೆತನದವರು. ಅವರದೂ ಸಿಂಹಾಸನ ಕಳೆದುಕೊಂಡ ಮನೆಯೇ. ಏಳು ಮಕ್ಕಳಾದರು.

1940ರಲ್ಲಿ ಅದೇ ಅಣ್ಣ ಯುದ್ಧದಲ್ಲಿ ಸತ್ತರು. ಪಾಟ್ಸ್‌ಡಾಮ್‌ನ ಶವಯಾತ್ರೆಗೆ ಸುಮಾರು 50,000 ಜನ ಸೇರಿದ್ದನ್ನು ಕಂಡು ಹಿಟ್ಲರ್‌ಗೆ ದಿಗಿಲಾಯಿತು. ರಾಜಕುಮಾರರನ್ನು ಯುದ್ಧರಂಗದಿಂದ ದೂರ ಇಡಿಸಿದ.

ನಿಜವಾದ ನಷ್ಟ ಆಗಿದ್ದು 1945ರಲ್ಲಿ. ರಷ್ಯಾ ಸೈನ್ಯ ಬಂತು. ಈಗ ಪೋಲೆಂಡ್‌ನಲ್ಲಿರುವ ಕಾಡಿನೆನ್ ಊರಿನ ಮನೆ, ಜಮೀನು ಎಲ್ಲ ಬಿಟ್ಟು ಓಡಿಬಂದರು. ಅಪ್ಪನ ಸೆಸಿಲಿಯನ್‌ಹಾಫ್ ಅರಮನೆಯಲ್ಲಿ ಟ್ರೂಮನ್, ಸ್ಟಾಲಿನ್, ಚರ್ಚಿಲ್ ಕೂತು ಜರ್ಮನಿಯ ಹಣೆಬರಹ ಬರೆದರು. ಲೂಯಿ ಫರ್ಡಿನಾಂಡ್ ಜರ್ಮನಿಯ ಬ್ರೆಮೆನ್‌ನಲ್ಲಿ ಹೊಸದಾಗಿ ಸಂಸಾರ ಹೂಡಿದರು. ಹಾಡುಗಳಿಗೆ ಸಂಗೀತ ಹಾಕುತ್ತಿದ್ದರು. ನಮ್ಮ ಜಯಚಾಮರಾಜ ಒಡೆಯರೂ 94 ಕೃತಿ ರಚಿಸಿದವರು, ಅಲ್ವಾ? ರಾಜ್ಯ ಹೋದರೂ ಸಂಗೀತ ಇಬ್ಬರ ಜೊತೆಗೂ ಇತ್ತು.

ಇನ್ನೊಂದು ಹೇಳಲೇಬೇಕು. ಬರ್ಲಿನ್ ಗೋಡೆ ಬಿದ್ದದ್ದು 1989ರ ನವೆಂಬರ್ 9ರಂದು, ಅವರ 82ನೇ ಹುಟ್ಟುಹಬ್ಬದ ದಿನ! ಎರಡು ವರ್ಷಕ್ಕೆ ಪಾಟ್ಸ್‌ಡಾಮ್‌ನಲ್ಲಿ ಅವರ ಮನೆತನದ ಹಿಂದಿನ ದೊರೆ ಎರಡನೇ ಫ್ರೆಡ್ರಿಕ್‌ನ ಮರುಸಂಸ್ಕಾರವಾಯಿತು. ತನ್ನ ನಾಯಿಗಳ ಪಕ್ಕದಲ್ಲೇ ಮಣ್ಣು ಮಾಡಿ ಅಂತ ಆ ದೊರೆ ಕೇಳಿಕೊಂಡಿದ್ದ. ಅವನು ಸತ್ತ 205 ವರ್ಷದ ಮೇಲೆ ಅದು ನಡೆಯಿತು. ಜರ್ಮನಿಯಲ್ಲಿ ಆಲೂಗಡ್ಡೆ ಬೆಳೆಸಲು ಹುರಿದುಂಬಿಸಿದ ದೊರೆ ಅಂತ, ಜನ ಈಗಲೂ ಆ ಚಪ್ಪಡಿ ಕಲ್ಲಿನ ಮೇಲೆ ಆಲೂಗಡ್ಡೆ ಇಟ್ಟು ಬರುತ್ತಾರೆ. ಲೂಯಿ ಫರ್ಡಿನಾಂಡ್ 1994ರಲ್ಲಿ ಬ್ರೆಮೆನ್‌ನಲ್ಲೇ ತೀರಿಕೊಂಡರು.