ನ್ಯೂಜಿಲೆಂಡ್ ಹೆಂಗಸರಿಗೆ ಮತ ಸುಮ್ನೆ ಸಿಗಲಿಲ್ಲ

ನ್ಯೂಜಿಲೆಂಡ್‌ನಲ್ಲಿ 1893ರಲ್ಲೇ ಹೆಂಗಸರಿಗೆ ಮತದ ಹಕ್ಕು ಬಂತಲ್ಲ, ಅಲ್ಲಿನ ಸರ್ಕಾರ ತಾನಾಗಿಯೇ ಕೊಟ್ಟಿತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಇಂಗ್ಲೆಂಡ್‌ನಷ್ಟು ಜೈಲು, ಹೊಡೆದಾಟ ಇರಲಿಲ್ಲ ನಿಜ. ಆದರೆ ಮತದ ಹಕ್ಕು ಕೇಳುವ ಅರ್ಜಿಗಳಿಗೆ ವರ್ಷಗಟ್ಟಲೆ ಮನೆಮನೆಗೆ ಅಲೆದು ಸಹಿ ಕೂಡಿಸಿದ್ದಾರೆ.

ಮುಂದೆ ನಿಂತವರು ಕೇಟ್ ಶೆಪರ್ಡ್. ಪಾನವಿರೋಧಿ ಮಹಿಳಾ ಸಂಘದಿಂದ ಬಂದವರು. ಹೆಂಗಸರಿಗೆ ಮತ ಬಂದರೆ ಹೆಂಡ ನಿಲ್ಲಿಸಿಬಿಡುತ್ತಾರೆ ಅಂತ ಮದ್ಯದ ವ್ಯಾಪಾರಿಗಳಿಗೆ ಭಯ, ಹಾಗಾಗಿ ಅವರೇ ದೊಡ್ಡ ವಿರೋಧಿಗಳು. 1891ರ ಅರ್ಜಿಗೆ ಸುಮಾರು 9,000 ಸಹಿ, 1893ರಲ್ಲಿ ಸುಮಾರು 32,000! ಮುಖ್ಯ ಅರ್ಜಿಯ ಹಾಳೆಗಳನ್ನೆಲ್ಲ ಒಂದಕ್ಕೊಂದು ಅಂಟಿಸಿ ಸುರುಳಿ ಮಾಡಿದರು, ಉದ್ದ 270 ಮೀಟರ್‌ಗೂ ಜಾಸ್ತಿ. ಜಾನ್ ಹಾಲ್ ಅನ್ನುವ ಸದಸ್ಯರು ಅದನ್ನು ಸಂಸತ್ತಿನ ನೆಲದ ಮೇಲೆ ಉರುಳಿಸಿ ಬಿಚ್ಚಿದರು. ಆ ದೃಶ್ಯ ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತೆ.

ಪ್ರಧಾನಿ ಸೆಡನ್‌ಗೆ ಇದು ಬೇಕಿರಲಿಲ್ಲ. ಮೇಲ್ಮನೆಯಲ್ಲಿ ಮಸೂದೆ ಬೀಳಿಸಲು ಒಳಗೊಳಗೇ ಕೈಯಾಡಿಸಿದರು. ಅದರಿಂದ ಸಿಟ್ಟಾಗಿ, ಈ ಹಕ್ಕನ್ನು ವಿರೋಧಿಸುತ್ತಿದ್ದ ಇಬ್ಬರು ಸದಸ್ಯರೇ ಮಸೂದೆಯ ಪರವಾಗಿ ಮತ ಹಾಕಿಬಿಟ್ಟರು. 20ಕ್ಕೆ 18, ಅಷ್ಟೇ ಅಂತರ. ಸೆಪ್ಟೆಂಬರ್ 19ಕ್ಕೆ ಗವರ್ನರ್ ಸಹಿ ಬಿತ್ತು, ನವೆಂಬರ್‌ನಲ್ಲೇ ಚುನಾವಣೆ. ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಹೆಂಗಸರಿಗೂ ಆಗಲೇ ಹಕ್ಕು ಬಂತು, ಇದನ್ನು ತುಂಬಾ ಜನ ಹೇಳುವುದೇ ಇಲ್ಲ.

ಇನ್ನೊಂದು ವಿಷಯ. ಮತ ಹಾಕಬಹುದಿತ್ತು, ಚುನಾವಣೆಗೆ ನಿಲ್ಲುವ ಹಾಗಿರಲಿಲ್ಲ. ಅದಕ್ಕೆ 1919ರವರೆಗೆ ಕಾಯಬೇಕಾಯಿತು. ಮೊದಲ ಮಹಿಳೆ ಗೆದ್ದು ಸಂಸತ್ತಿಗೆ ಹೋಗಿದ್ದು 1933ರಲ್ಲಿ, ಎಲಿಜಬೆತ್ ಮೆಕೂಂಬ್ಸ್.